ಬೀಗರು ಮೂಗು ಮುಚ್ಚಿಕೊಂಡ ಪ್ರಸಂಗ

ಲೈಟಿನ ಮೀಟರು ಓದುವುದು ಎರಡು ನಿಮಿಷದ ಕೆಲಸ. ಒಂಟಿಕೊಪ್ಪಲಿನ ನಿಂಗಯ್ಯನವರು ಅದಕ್ಕೆ ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತಿದ್ದರು. ಮಿಕ್ಕ ಹದಿನೆಂಟು ನಿಮಿಷ ಮಾತಿಗೆ. ಎಲೆಕ್ಟ್ರಿಕ್ ಇಲಾಖೆಯವರು ಅವರನ್ನು ಮನೆ ಮನೆಗೆ ಕಳಿಸುತ್ತಿದ್ದುದು ಮೀಟರಿನ ಅಂಕಿ ನೋಡಿಕೊಂಡು ಬರಲಿ ಎಂದು. ಆದರೆ ಅಷ್ಟು ದೂರ ಸೈಕಲ್ ತುಳಿದು ಹೋದಮೇಲೆ ಬರೀ ಅಂಕಿ ನೋಡಿಕೊಂಡು ಬರುವುದು ಮನುಷ್ಯತ್ವವಲ್ಲ ಎಂಬುದು ನಿಂಗಯ್ಯನವರ ನಂಬಿಕೆ. ಬೋಗಾದಿಯ ಒಕ್ಕಲು ಮನೆಯಲ್ಲಿ ಹುಟ್ಟಿ ಸರ್ಕಾರದ ಸಂಬಳ ತೆಗೆದುಕೊಂಡ ಮೊದಲಿಗರು ಅವರು. ಹೇಳುವುದಕ್ಕೆ ಬೇಕಾದಷ್ಟಿತ್ತು.

ಕೇಳುವವರೂ ಒಳ್ಳೆಯವರೇ. ಇವರು ಬಾಯಿ ತೆಗೆದ ಕೂಡಲೆ ಹೆಂಗಸರು ಸೆರಗನ್ನು ಮುಖಕ್ಕೆ ಅಡ್ಡ ಹಿಡಿದು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಮೈಸೂರಿನ ಹೆಂಗಸರಿಗೆ ಎಷ್ಟು ನಾಚಿಕೆ, ಎಷ್ಟು ಮರ್ಯಾದೆ ಎಂದು ನಿಂಗಯ್ಯನವರು ಮೆಚ್ಚಿಕೊಳ್ಳುತ್ತಿದ್ದರು. ಗಂಡಸರು ಎದ್ದು ಹೋಗಿ ಕಿಟಕಿ ತೆಗೆಯುತ್ತಿದ್ದರು. ಮೀಟರಿನ ಅಂಕಿ ಚೆನ್ನಾಗಿ ಕಾಣಲಿ ಎಂದು ಬೆಳಕು ಬಿಡುತ್ತಾರೆ, ಪಾಪ, ಎಂದುಕೊಳ್ಳುತ್ತಿದ್ದರು. ಹೀಗೆ ಹತ್ತೊಂಬತ್ತು ವರ್ಷ ಅವರು ಊರಿನ ಗೌರವವನ್ನು ಸ್ವೀಕರಿಸುತ್ತಾ ಬಂದಿದ್ದರು. ಸಾವಿರದ ಒಂಬೈನೂರ ಐವತ್ತನಾಲ್ಕರ ಮಾಘ ಮಾಸದಲ್ಲಿ ಚಾಮಯ್ಯನವರು ಹೆಣ್ಣು ನೋಡಲು ಬರದೆ ಇದ್ದಿದ್ದರೆ ಪಿಂಚಣಿಯವರೆಗೂ ಹಾಗೇ ನಡೆದುಹೋಗುತ್ತಿತ್ತು.

ಹೆಣ್ಣು ನಿಂಗಯ್ಯನವರ ಒಬ್ಬಳೇ ಮಗಳು ಶಾರದ. ಇದಕ್ಕೆ ಮುಂಚೆ ಎರಡು ಕಡೆಯವರು ಬಂದು, ಕೇಸರಿಬಾತು ತಿಂದು, ಹೋಗಿ ತಿಳಿಸುತ್ತೇವೆ ಎಂದವರು ತಿಳಿಸಿರಲಿಲ್ಲ. ಈ ಸಲದ ಸಂಬಂಧ ತಂದವನು ಪಕ್ಕದ ಸೌದೆ ಡಿಪೋದ ಜವರಯ್ಯ. ಹುಡುಗ ಮಹದೇವು, ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರು. ಅವನ ತಂದೆ ಚಾಮಯ್ಯನವರು ಅರಮನೆಯ ಉಗ್ರಾಣದಲ್ಲಿ ಮೂವತ್ತೆರಡು ವರ್ಷ ಊಳಿಗ ಮಾಡಿ ನಿವೃತ್ತರಾದವರು. ಮನೆ ಇಟ್ಟಿಗೆಗೂಡಿನಲ್ಲಿ. ಶಾರದ ಕಾಫಿ ಕೊಟ್ಟು ಒಳಗೆ ಹೋದವಳು ಅಡಿಗೆಮನೆ ಬಾಗಿಲ ಸಂದಿಯಿಂದ ಹುಡುಗನನ್ನು ಎರಡು ಸಲ ನೋಡಿದಳು. ಹಿಂದಿನವರನ್ನು ಒಂದು ಸಲವೂ ನೋಡಿರಲಿಲ್ಲ. ಅದನ್ನು ಗಮನಿಸಿದ ತಾಯಿ ದೇವಿರಮ್ಮ ಚಾಮುಂಡಿಗೆ ಮನಸ್ಸಿನಲ್ಲೇ ಹರಕೆ ಹೊತ್ತರು.

ಚಾಮಯ್ಯನವರು ಸರಿಗೆ ಪೇಟ, ಮುಚ್ಚಿದ ಕೋಟು, ಹೆಗಲ ಮೇಲೆ ಮಡಿಸಿದ ವಲ್ಲಿ ಹಾಕಿಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದರು. ನಿಂಗಯ್ಯನವರು ಅವರ ಎದುರಿಗೆ ಕುರ್ಚಿ ಎಳೆದುಕೊಂಡರು.

"ದಾರೀಲಿ ಏನೂ ತೊಂದ್ರೆ ಆಗ್ಲಿಲ್ವಲ್ಲ, ಬೀಗ್ರೆ?"

ಚಾಮಯ್ಯನವರ ಕೈ ಮೇಲೆದ್ದಿತು. ವಲ್ಲಿಯ ಅಂಚು ಬಾಯಿಗೂ ಮೂಗಿಗೂ ಅಡ್ಡ ಬಂತು. ಬಟ್ಟೆಯೊಳಗಿಂದ ಏನೋ ಸಣ್ಣ ದನಿ ಕೇಳಿಸಿತು. ಏನೆಂದು ತಿಳಿಯಲಿಲ್ಲ.

ನೆಗಡಿ ಇರಬೇಕು ಎಂದುಕೊಂಡು ನಿಂಗಯ್ಯನವರು ಇನ್ನೊಂದು ಮಾತಾಡಿದರು. ವಲ್ಲಿ ಮೇಲಕ್ಕೇ ಇತ್ತು. ಅಷ್ಟರಲ್ಲಿ ಜವರಯ್ಯ ಏನೋ ಕೇಳಿದ. ಚಾಮಯ್ಯನವರು ವಲ್ಲಿ ಕೆಳಗಿಳಿಸಿ, ಜಟಕಾ ಕುದುರೆ ಸಯ್ಯಾಜಿರಾವ್ ರಸ್ತೆಯಲ್ಲಿ ಮುಗ್ಗರಿಸಿದ್ದನ್ನು ಗಟ್ಟಿಯಾಗಿ, ಕೈ ತಿರುಗಿಸಿ ವರ್ಣಿಸಿದರು. ನೆಗಡಿಯ ಸುಳಿವೇ ಇಲ್ಲ. ಮತ್ತೆ ನಿಂಗಯ್ಯನವರ ಕಡೆ ತಿರುಗಿದರು, ವಲ್ಲಿ ಮತ್ತೆ ಮೇಲಕ್ಕೆ ಬಂತು. ನಿಂಗಯ್ಯನವರು ಮೂರು ಸಲ ಪರೀಕ್ಷೆ ಮಾಡಿದರು. ಕುರ್ಚಿಯನ್ನು ಒಂದು ಮಾರು ಹಿಂದಕ್ಕೆ ಸರಿಸಿಯೂ ನೋಡಿದರು. ಸರ್ಕಾರದ ಮೀಟರು ಓದುವವರು ಅಂಕಿಯನ್ನು ಸುಮ್ಮನೆ ನಂಬುವುದಿಲ್ಲ. ಮೂರು ಸಲವೂ ಅಂಕಿ ಒಂದೇ ಬಂತು.

ಹೊರಡುವಾಗ ಹುಡುಗನ ತಾಯಿ ಪುಟ್ಟತಾಯಮ್ಮನವರು ದೇವಿರಮ್ಮನಿಗೆ ಹೇಳಿದರು, "ನಮ್ಗೆ ಹುಡ್ಗಿ ಒಪ್ಗೆ ಕಣ್ರವ್ವ. ಹದಿನೈದು ದಿನ ಬುಟ್ಟು ನೀವೂ ಬಂದು ಮನೆ ನೋಡಿ. ಎರಡು ಕಡೇಗೂ ಸರಿ ಅನ್ಸುದ್ರೆ ಅಲ್ಲೇ ವೀಳ್ಯ ಬದ್ಲಾಯಿಸ್ಕೊಂಡು ಬುಡಾನ."

ಎರಡು ಕಡೇಗೂ ಸರಿ ಅನ್ನಿಸಿದರೆ. ನಿಂಗಯ್ಯನವರ ಕಿವಿಗೆ ಬಿದ್ದದ್ದು ಅದೊಂದೇ ಮಾತು. ಜಟಕಾ ತಿರುವಿನಲ್ಲಿ ಮರೆಯಾಗುವವರೆಗೂ ಅವರು ಜಗಲಿಯ ಮೇಲೆ ನಿಂತಿದ್ದರು. ಕೇಸರಿಬಾತು ತಿಂದು ತಿಳಿಸದೆ ಹೋದ ಆ ಎರಡು ಕಡೆಯವರೂ ನೆನಪಿಗೆ ಬಂದರು. ಅವರಲ್ಲಿ ಒಬ್ಬರು ಮಾತಿನ ನಡುವೆ ಎದ್ದು ಬಾಗಿಲ ಹತ್ತಿರ ಹೋಗಿ ನಿಂತಿದ್ದರಲ್ಲವೆ? ಮಗಳು ಇಪ್ಪತ್ತೊಂದು ತುಂಬಿ ಮನೆಯಲ್ಲಿ ಕೂತಿರುವುದು ತನ್ನ ಬಾಯಿಯ ದೆಸೆಯಿಂದಲೇ? 

ತನ್ನ ಬಾಯಿಯ ವಾಸನೆ ತನಗೆ ತಿಳಿಯುವುದು ಹೇಗೆ? ಇದು ಅವರ ಮುಂದೆ ನಿಂತ ಮೊದಲ ಪ್ರಶ್ನೆ. ಎರಡು ಕೈ ಬಟ್ಟಲು ಮಾಡಿ ಊದಿ ಮೂಸಿದರು. ಕೈಗೆ ಸೈಕಲ್ ಎಣ್ಣೆಯ ವಾಸನೆ ಇತ್ತು. ಕನ್ನಡಿಯ ಮೇಲೆ ಊದಿದರು. ಮಂಜು ಕಟ್ಟಿತು, ಬೇರೇನೂ ತಿಳಿಯಲಿಲ್ಲ. ಬೀದಿ ಬೆಕ್ಕನ್ನು ಹಿಡಿದು ಅದರ ಮುಖಕ್ಕೆ ಊದಿದರು. ಬೆಕ್ಕು ಪರಚಿ ಓಡಿಹೋಯಿತು, ಆದರೆ ಅದು ಯಾರು ಹಿಡಿದರೂ ಪರಚುವ ಬೆಕ್ಕಾದ್ದರಿಂದ ಆ ಸಾಕ್ಷಿಯನ್ನು ಕೈಬಿಟ್ಟರು. ಕೊನೆಗೆ ಹೆಂಡತಿಯನ್ನು ಕೇಳಿದರು.

"ಲೇ ದೇವಿರಿ, ನನ್ ಬಾಯಿ ವಾಸ್ನೆ ಬತ್ತದಾ?"

ದೇವಿರಮ್ಮ ರಾಗಿ ಕೇರುತ್ತಿದ್ದರು. ಮೊರದಿಂದ ತಲೆ ಎತ್ತಲಿಲ್ಲ. "ಹಂಡೇಲಿ ನೀರು ಆರ್ತಾ ಅದೆ. ಓಗಿ ಸ್ನಾನ ಮಾಡ್ಕಳಿ."

ಜವರಯ್ಯ ಇನ್ನೂ ನಾಜೂಕು. ಕೊಡಲಿಯನ್ನು ಸೌದೆಗೆ ಒರಗಿಸಿ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿ, ಆ ಕಡೆಗೆ ಹೋಗಿ ನಿಂತುಕೊಂಡು ಹೇಳಿದ, "ವಾಸ್ನೆ ಅಂದ್ರೆ ಏನಣ್ಣ, ಮನ್ಸ ಅಂದ್ಮೇಲೆ ಒಂದೊಂದು ಇದ್ದೇ ಇರ್ತದೆ. ನಂಗೆ ಬೆವರು. ನಿಂಗೆ, ಏನೋ ಒಂದು. ದೊಡ್ದು ಮಾಡ್ಬ್ಯಾಡ ಬುಡು."

ಇಷ್ಟು ಸಾಕಾಯಿತು. ಕಾಯಿಲೆ ಇದೆ ಎಂದ ಮೇಲೆ ಕಾರಣ ಹುಡುಕಬೇಕು. ನಿಂಗಯ್ಯನವರಿಗೆ ಹುಡುಕಾಟವೆಂದರೆ ಒಂದು ಹುಮ್ಮಸ್ಸು. ಯಾವ ಮನೆಯಲ್ಲಿ ಕರೆಂಟು ಸೋರುತ್ತಿದ್ದರೂ ತಂತಿ ಹಿಡಿದುಕೊಂಡು ಹೋಗಿ ಮೂಲ ಕಂಡುಹಿಡಿಯುವವರು ಅವರು. ದಿನಕ್ಕೆ ಅರವತ್ತು ಮನೆ ಹೊಕ್ಕು ಹೊರಡುವ ಉದ್ಯೋಗ ಬೇರೆ. ಮಾರನೆಯ ದಿನದಿಂದಲೇ ವಿಚಾರಣೆ ಶುರುವಾಯಿತು. ಮರ್ಯಾದೆಯ ಪ್ರಶ್ನೆಯಾದ್ದರಿಂದ ಕಾಯಿಲೆಯನ್ನು ಬೇರೆಯವರ ತಲೆಗೆ ಕಟ್ಟಿದರು.

"ನಮ್ಮ ಆಫೀಸಿನಲ್ಲಿ ಒಬ್ರಿದ್ದಾರೆ ತಾಯಿ," ಎಂದರು ಕೃಷ್ಣಮೂರ್ತಿಪುರದ ಗಿರಿಜಾಂಬಾ ಅವರಿಗೆ. "ಅವರಿಗೆ ಬಹಳ ದಿನದಿಂದ ಬಾಯಿ ವಾಸ್ನೆ. ಏನಾದ್ರೂ ಔಷಧಿ ಗೊತ್ತೇ?"

ಗಿರಿಜಾಂಬಾ ಅವರು ಒಂದು ಕ್ಷಣವೂ ಯೋಚಿಸಲಿಲ್ಲ. ಏಳು ವರ್ಷದಿಂದ ಉತ್ತರ ಸಿದ್ಧ ಮಾಡಿಟ್ಟುಕೊಂಡು ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದವರಂತೆ ಒಳಗೆ ಹೋಗಿ ಒಂದು ಪೊಟ್ಟಣ ತಂದರು. "ಲವಂಗ, ಏಲಕ್ಕಿ, ಸೋಂಪು. ಸದಾ ಬಾಯಲ್ಲಿ ಇಟ್ಕೊಂಡಿರಬೇಕು. ಈರುಳ್ಳಿ ಬೆಳ್ಳುಳ್ಳಿ ಮುಟ್ಟಬಾರದು. ಆ ನಿಮ್ಮ ಆಫೀಸಿನವರಿಗೆ ಇವತ್ತಿನಿಂದಲೇ ಶುರು ಮಾಡೋಕೆ ಹೇಳಿ. ಇಲ್ಲೇ ಶುರು ಮಾಡಿದರೂ ಅಡ್ಡಿ ಇಲ್ಲ."

ಮುಂದಿನ ಬೀದಿಯ ಶಿವನಂಜಮ್ಮ ಲವಂಗವನ್ನು ತಳ್ಳಿಹಾಕಿದರು. "ಅದು ಮ್ಯಾಲೆ ಬಟ್ಟೆ ಒದ್ಸಿದಂಗೆ ಕಣಪ್ಪ. ಬ್ಯಾರು ಕೀಳ್ಬೇಕು. ಬೇವಿನ ಕಡ್ಡೀಲಿ ಹಲ್ಲುಜ್ಜಿ, ಸೀಬೆ ಎಲೆ ಕುದ್ಸಿ ಮುಕ್ಕಳಿಸ್ಬೇಕು. ನಾಲ್ಗೇನ ಹೆರೆದು ಹೆರೆದು ಕೆಂಪಗೆ ಮಾಡ್ಕೊಬೇಕು. ನಿಮ್ಮ ಆಫೀಸ್ನೋರು ನಾಲ್ಗೆ ಹೆರೀತಾರಾ?"

"ಇಲ್ಲ ಅನ್ಸುತ್ತೆ," ಎಂದರು ನಿಂಗಯ್ಯನವರು, ನಾಲಿಗೆಯನ್ನು ಬಾಯೊಳಗೇ ತಡಕಾಡುತ್ತಾ.

ಅಗ್ರಹಾರದ ಪಂಡಿತರು ನಾಡಿ ಹಿಡಿದು ಹಲ್ಲಿಗೂ ನಾಲಿಗೆಗೂ ಇದರ ಸಂಬಂಧವೇ ಇಲ್ಲವೆಂದರು. ಎಲ್ಲಾ ಹೊಟ್ಟೆಯ ಪಿತ್ತ. ರಾತ್ರಿ ಊಟ ಬಿಟ್ಟು ತ್ರಿಫಲದ ಪುಡಿ ತೆಗೆದುಕೊಳ್ಳಬೇಕು, ಮಾತು ಕಡಿಮೆ ಮಾಡಬೇಕು. ಮಾತು ಹೆಚ್ಚಾದರೆ ಪಿತ್ತ ಮೇಲಕ್ಕೆ ಬರುತ್ತದೆ. ಮಂಡಿ ಮೊಹಲ್ಲಾದ ಹಕೀಮರು ಪಿತ್ತವನ್ನು ಕೇಳಿ ನಕ್ಕು, ಜಿಗರು, ಅಂದರೆ ಯಕೃತ್ತು, ಬಿಸಿಯಾಗಿದೆ ಎಂದು ಗುಲ್ಕನ್ ಕೊಟ್ಟರು.

ಯಾವುದು ನಿಜ? ನಿಂಗಯ್ಯನವರು ಯಾರಿಗೂ ಅನ್ಯಾಯ ಮಾಡುವವರಲ್ಲ. ಎಲ್ಲವನ್ನೂ ಒಟ್ಟಿಗೇ ಶುರು ಮಾಡಿದರು. ಬೆಳಗ್ಗೆ ಬೇವಿನ ಕಡ್ಡಿ, ಆಮೇಲೆ ಇದ್ದಿಲ ಪುಡಿ, ಆಮೇಲೆ ಸೀಬೆ ಎಲೆಯ ಕಷಾಯ, ಹಿತ್ತಾಳೆ ಪಟ್ಟಿಯಲ್ಲಿ ನಾಲಿಗೆ ಹೆರೆಯುವ ಸದ್ದು ಜವರಯ್ಯನ ಡಿಪೋದವರೆಗೂ ಕೇಳುತ್ತಿತ್ತು. ಬಲಗೆನ್ನೆಯಲ್ಲಿ ಲವಂಗ ಏಲಕ್ಕಿ, ಎಡಗೆನ್ನೆಯಲ್ಲಿ ಗುಲ್ಕನ್. ಇಷ್ಟನ್ನು ಬಾಯಲ್ಲಿ ಇಟ್ಟುಕೊಂಡು ಮಾತಾಡಲು ಸಾಧ್ಯವಿರಲಿಲ್ಲ. ಪಂಡಿತರ ಅಪ್ಪಣೆಯೂ ಇತ್ತು. ನಿಂಗಯ್ಯನವರು ಮಾತು ನಿಲ್ಲಿಸಿದರು.

ಇದರಿಂದ ಊರಿನಲ್ಲಿ ಆದ ಗಲಿಬಿಲಿ ಅಷ್ಟಿಷ್ಟಲ್ಲ. ಎರಡೇ ನಿಮಿಷದಲ್ಲಿ ಮೀಟರು ಓದಿ ತಲೆಯಾಡಿಸಿ ಹೊರಡುವ ನಿಂಗಯ್ಯನವರನ್ನು ಕಂಡು ಜನ ಹೆದರಿದರು. ಬಿಲ್ಲಿನಲ್ಲಿ ಏನೋ ಎಡವಟ್ಟಾಗಿದೆ, ಅದಕ್ಕೇ ಮುಖ ತಪ್ಪಿಸುತ್ತಾರೆ ಎಂದು ಒಬ್ಬರು ಆಫೀಸಿಗೆ ಅರ್ಜಿ ಬರೆದರು. ಗಂಟಲಿಗೆ ಲಕ್ವ ಹೊಡೆದಿದೆ ಎಂದು ಇನ್ನೊಬ್ಬರು. ಸನ್ಯಾಸ ತೆಗೆದುಕೊಳ್ಳುತ್ತಾರಂತೆ, ಮಗಳ ಮದುವೆಗೆ ಕಾಯುತ್ತಿದ್ದಾರಂತೆ ಎಂಬ ಮಾತು ಒಂಟಿಕೊಪ್ಪಲಿನ ನಲ್ಲಿಕಟ್ಟೆಯಲ್ಲಿ ಹುಟ್ಟಿತು. ಆಫೀಸಿನ ಸೂಪರಿಂಟೆಂಡೆಂಟರು ಅವರನ್ನು ಕರೆಸಿ, ಏನು ಕಷ್ಟವಿದ್ದರೂ ಹೇಳಿ ಎಂದು ಹೇಳಿ, ಆಮೇಲೆ ತಾವೇ ಕಿಟಕಿ ಪಕ್ಕಕ್ಕೆ ಹೋಗಿ ನಿಂತು ಕಾದರು. ನಿಂಗಯ್ಯನವರು ಆ ಕಿಟಕಿಯನ್ನು ನೋಡಿದರು. ಹತ್ತೊಂಬತ್ತು ವರ್ಷದ ಕಿಟಕಿಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ತೆರೆದುಕೊಂಡವು. ಲವಂಗವನ್ನು ಇನ್ನೊಂದು ಕೆನ್ನೆಗೆ ದೂಡಿಕೊಂಡು ಹೊರಗೆ ಬಂದರು.

ಮನೆಯಲ್ಲಿ ಶಾರದ ಅಪ್ಪನ ತಟ್ಟೆಯ ಮುಂದೆ ನಿಂತು, ಉಗುರು ಕಚ್ಚುತ್ತಾ ಕೇಳಿದಳು. "ಅಪ್ಪಯ್ಯ, ನಿಮ್ಗೆ ಆ ಮನೆಯವ್ರು ಹಿಡಿಸ್ಲಿಲ್ವಾ? ಅದ್ಕೇ ಮಾತು ಬುಟ್ಟಿದ್ದೀರಾ?"

ನಿಂಗಯ್ಯನವರು ತಲೆ ಅಡ್ಡಡ್ಡ ಆಡಿಸಿದರು. ಅದು ಇಲ್ಲ ಎಂದೋ, ಹಿಡಿಸಲಿಲ್ಲ ಎಂದೋ ಅವಳಿಗೆ ತಿಳಿಯಲಿಲ್ಲ. ಒಳಗೆ ಹೋಗಿ ಅತ್ತಳು. ದೇವಿರಮ್ಮ ಜವರಯ್ಯನಿಗೆ ಹೇಳಿದರು, ಜವರಯ್ಯ ಇಟ್ಟಿಗೆಗೂಡಿಗೆ ಹೋದಾಗ ಬಾಯಿ ಜಾರಿ ಹೇಳಿದ. ನೀವು ಬಂದುಹೋದ ದಿನದಿಂದ ನಿಂಗಯ್ಯಣ್ಣ ಒಂದು ಮಾತಾಡಿಲ್ಲ ಎಂದ. ಅಲ್ಲಿ ಚಾಮಯ್ಯನವರು ಊಟ ಬಿಟ್ಟರು.

ಹದಿಮೂರನೆಯ ದಿನ ನಿಂಗಯ್ಯನವರು ಕೊನೆಯ ಬಾಗಿಲು ತಟ್ಟಿದರು. ಸಯ್ಯಾಜಿರಾವ್ ರಸ್ತೆಯ ಮಹಡಿಯ ಮೇಲೆ ಬೊಂಬಾಯಿಯಲ್ಲಿ ಓದಿಬಂದ ಒಬ್ಬ ದಂತವೈದ್ಯರು ಹೊಸದಾಗಿ ಬೋರ್ಡು ಹಾಕಿದ್ದರು. ಈ ಮನೆಯ ಮೀಟರನ್ನೂ ನಿಂಗಯ್ಯನವರೇ ಓದುತ್ತಿದ್ದರು. ಡಾಕ್ಟರು ಕುರ್ಚಿಯಲ್ಲಿ ಕೂರಿಸಿ, ಲವಂಗ, ಏಲಕ್ಕಿ, ಗುಲ್ಕನ್ ಎಲ್ಲವನ್ನೂ ಉಗುಳಿಸಿ, ಪುಟ್ಟ ಕನ್ನಡಿ ಹಾಕಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಗೌರವದಿಂದ ಎಂಬಂತೆ ಒಮ್ಮೆ ನಿಟ್ಟುಸಿರು ಬಿಟ್ಟರು.

"ಎಷ್ಟು ವರ್ಷವಾಯಿತು ಹಲ್ಲು ತೋರಿಸಿ?"

"ಯಾರಿಗೆ?"

"ಯಾರಿಗಾದರೂ."

ನಿಂಗಯ್ಯನವರು ಪಿತ್ತದ ವಿಷಯ ಹೇಳಿದರು. ಡಾಕ್ಟರು ಕೇಳಿಸಿಕೊಂಡರು. "ಕೆಲವರಿಗೆ ಹೊಟ್ಟೆ, ಮೂಗು, ಬೇರೆ ಕಾಯಿಲೆಯಿಂದಲೂ ಬರುತ್ತೆ, ಇಲ್ಲ ಅನ್ನಲ್ಲ. ಆದರೆ ಹತ್ತು ಜನರಲ್ಲಿ ಒಂಬತ್ತು ಜನಕ್ಕೆ ಕಾರಣ ಬಾಯಲ್ಲೇ ಇರುತ್ತೆ. ನಿಮ್ಮ ಕೆಳಗಿನ ಎರಡು ದವಡೆ ಹಲ್ಲಿನಲ್ಲಿ ತೂತು ಬಿದ್ದು ಬುಡದಲ್ಲಿ ಕೀವು ತುಂಬಿದೆ. ವಸಡಿನ ಸುತ್ತ ಗಾರೆ ಕಟ್ಟಿದೆ. ಇದು ಎಷ್ಟೋ ವರ್ಷದ ಸಂಗ್ರಹ. ನೋವೇ ಇರಲಿಲ್ಲವೇ?"

"ಒಂದ್ಸಲ ಇತ್ತು. ಮಾತಾಡ್ತಾ ಇದ್ದೆ, ಮರ್ತೋಯ್ತು."

"ನಾಲಿಗೆ ಹೆರೆಯೋದು ಒಳ್ಳೇದು, ಬಿಡಬೇಡಿ. ಲವಂಗ ವಾಸನೆ ಮುಚ್ಚುತ್ತೆ ಅಷ್ಟೆ. ಊಟ ಬಿಟ್ಟಿದ್ದು, ಬಾಯಿ ಮುಚ್ಚಿಕೊಂಡು ಕೂತಿದ್ದು ಮಾತ್ರ ತಪ್ಪು. ಎಂಜಲು ಊರದೆ ಬಾಯಿ ಒಣಗಿದರೆ ವಾಸನೆ ಇನ್ನೂ ಹೆಚ್ಚಾಗುತ್ತೆ. ನೀರು ಕುಡಿಯಬೇಕು, ಧಾರಾಳವಾಗಿ ಮಾತಾಡಬೇಕು."

ಮಾತಾಡಿದರೆ ಒಳ್ಳೆಯದು ಎಂದು ಜೀವಮಾನದಲ್ಲಿ ಮೊದಲ ಸಲ ಒಬ್ಬ ಓದಿದವರ ಬಾಯಲ್ಲಿ ಕೇಳಿದ ನಿಂಗಯ್ಯನವರು ಕೃತಜ್ಞತೆಯಿಂದ ಬಾಯಿ ತೆರೆದರು. ಏನೇನೋ ಕೇಳಬೇಕೆಂದಿತ್ತು. ಗಾರೆ ಯಾಕೆ ಕಟ್ಟುತ್ತೆ, ಕೀವು ಎಲ್ಲಿಂದ ಬರುತ್ತೆ, ತೂತು ಮಾಡುವುದು ನಿಜವಾಗಿ ಹುಳುವೇ. ಆದರೆ ತೆರೆದ ಬಾಯಿಗೆ ಇಕ್ಕಳ ಬಂತು. ಎರಡು ಹಲ್ಲು ಹೋದವು. ಮಿಕ್ಕವನ್ನು ಡಾಕ್ಟರು ಹೆರೆದು ತೊಳೆದರು.

ಹದಿನೈದನೆಯ ದಿನ ಮಧ್ಯಾಹ್ನ, ಮುಖ ಒಂದು ಕಡೆ ಊದಿಕೊಂಡು, ದವಡೆಗೆ ಟವೆಲು ಸುತ್ತಿಕೊಂಡು ನಿಂಗಯ್ಯನವರು ಹೆಂಡತಿ ಮತ್ತು ಜವರಯ್ಯನ ಜೊತೆ ಇಟ್ಟಿಗೆಗೂಡಿನಲ್ಲಿ ಜಟಕಾ ಇಳಿದರು. ಬಾಗಿಲಲ್ಲಿ ಚಾಮಯ್ಯನವರು ಕಾದು ನಿಂತಿದ್ದರು. ನಿಂಗಯ್ಯನವರನ್ನು ಕಂಡ ಕೂಡಲೆ ವಲ್ಲಿ ಬಾಯಿಗೆ ಹೋಯಿತು. ಇಷ್ಟೆಲ್ಲ ಆದಮೇಲೂ ಇಷ್ಟು ದೂರಕ್ಕೂ ಬರುತ್ತದೆಯೇ ಎಂದು ನಿಂಗಯ್ಯನವರ ಎದೆ ಒಡೆಯಿತು. ಅವರು ಟವೆಲನ್ನು ಮೂಗಿನವರೆಗೂ ಎಳೆದುಕೊಂಡು, ತಲೆ ತಗ್ಗಿಸಿ, ಬೀದಿಯಲ್ಲೇ ನಿಂತರು.

ಚಾಮಯ್ಯನವರು ತಲೆ ತಗ್ಗಿಸಿದರು. ನಿಂಗಯ್ಯನವರು ಇನ್ನೂ ತಗ್ಗಿಸಿದರು. ಇಬ್ಬರೂ ಬಾಯಿ ಮುಚ್ಚಿಕೊಂಡು, ಒಬ್ಬರು ಹೊಸಿಲಲ್ಲಿ ಒಬ್ಬರು ಚರಂಡಿಯ ಈಚೆ, ಬಗ್ಗಿ ನಿಂತದ್ದನ್ನು ಎದುರುಮನೆಯವರು ಕೆಲಸ ಬಿಟ್ಟು ನೋಡಿದರು. ಸ್ವಲ್ಪ ಹೊತ್ತಿನ ಮೇಲೆ ಚಾಮಯ್ಯನವರು ಹೆಂಡತಿಯ ಕಡೆ ತಿರುಗಿ ವಲ್ಲಿ ಇಳಿಸಿದರು. ಅವರ ಕಣ್ಣಲ್ಲಿ ನೀರಿತ್ತು.

"ನೋಡ್ದೇನಮ್ಮಿ. ನಾನು ಅರಮನೆ ಬುಟ್ಟು ಬಂದ್ಮೇಲೆ ನನ್ ಮುಂದೆ ಬಾಯ್ಗೆ ಬಟ್ಟೆ ಹಿಡ್ದು ನಿಂತೋರು ಯಾರಾದ್ರೂ ಇದ್ರಾ? ಇವ್ರು ಒಬ್ರೇ. ನಾನು ಅವತ್ತು ಮಾಡಿದ್ ಮರ್ಯಾದೆ ನೋಡಿ ಕಲ್ತುಕೊಂಡು, ನನ್ಗೇ ವಾಪಸ್ ಮಾಡ್ತಾ ಅವ್ರೆ."

ನಿಂಗಯ್ಯನವರು ಟವೆಲಿನೊಳಗಿಂದ ಜವರಯ್ಯನನ್ನು ನೋಡಿದರು. ಜವರಯ್ಯ ಪುಟ್ಟತಾಯಮ್ಮನವರನ್ನು ನೋಡಿದ.

ಪುಟ್ಟತಾಯಮ್ಮನವರು ನಕ್ಕರು. "ಅರಮನೆ ಅಭ್ಯಾಸ ಕಣಪ್ಪ. ದೊಡ್ಡೋರ ಮುಂದೆ ಮಾತಾಡುವಾಗ ಉಸ್ರು, ಎಂಜ್ಲು ಅವ್ರಿಗೆ ತಾಗ್ಬಾರ್ದು ಅಂತ ವಲ್ಲಿ ಅಡ್ಡ ಹಿಡೀಬೇಕಂತೆ. ಮೂವತ್ತೆರಡು ವರ್ಷ ಹಿಡ್ದು ಹಿಡ್ದು ಕೈ ತಾನೇ ಓಯ್ತದೆ. ಹೆಣ್ಣು ಕೊಡೋ ತಂದೆ ಅಂದ್ರೆ ಅವ್ರಿಗೆ ಮಹಾಪ್ರಭುಗಳ ಸಮ. ಜವರಯ್ಯನ ಮುಂದೆ ಹಿಡಿಯಕಿಲ್ಲ. ನನ್ ಮುಂದಂತೂ ಒಂದಿನ ಹಿಡಿದೋರಲ್ಲ."

ನಿಂಗಯ್ಯನವರು ಟವೆಲು ಬಿಚ್ಚಿದರು. ಡಾಕ್ಟರ ಕುರ್ಚಿಯಲ್ಲಿ ಆಡಿದ್ದನ್ನು ಬಿಟ್ಟರೆ ಇಷ್ಟು ದಿನದ ಮೇಲೆ ಅವರ ಬಾಯಿಂದ ಹೊರಟ ಮೊದಲ ಪೂರ್ತಿ ಮಾತು ಇದು: "ಅಂಗಾದ್ರೆ ಅವತ್ತು ನಿಮ್ಗೆ ವಾಸ್ನೆ ಬರ್ಲಿಲ್ವಾ, ಬೀಗ್ರೆ?"

"ಯಾವ ವಾಸ್ನೆ?"

"ನನ್ ಬಾಯಿಂದು."

ಚಾಮಯ್ಯನವರು ವಲ್ಲಿಯೊಳಗಿಂದಲೇ, ಆದರೆ ಈ ಸಲ ಗಟ್ಟಿಯಾಗಿ ಹೇಳಿದರು. "ಉಗ್ರಾಣದಲ್ಲಿ ಒಣಮೆಣಸಿನಕಾಯಿ ಮೂಟೆ ನಡುವೆ ಇದ್ದೋನು ಬುದ್ಧಿ ನಾನು. ಹತ್ತನೇ ವರ್ಷಕ್ಕೇ ಮೂಗು ಹೋಯ್ತು. ಮಲ್ಲಿಗೆ ಹೂವೂ ತಿಳಿಯಕಿಲ್ಲ, ಸಗಣೀನೂ ತಿಳಿಯಕಿಲ್ಲ."

ವೀಳ್ಯ ಬದಲಾಯಿತು. ಮಹದೇವು ಭಾವೀ ಮಾವನ ಊದಿದ ಮುಖ ನೋಡಿ ಮೆತ್ತಗಿನ ಹಲ್ವ ತಂದುಕೊಟ್ಟ. ಜವರಯ್ಯ ಎರಡು ಲೋಟ ಕಾಫಿ ಕುಡಿದು, ಸಂಬಂಧ ಕುದುರಿಸಿದ ಯಜಮಾನನಾಗಿ ಅಲ್ಲೇ ಉಳಿದ.

ವಾಪಸು ಬರುವಾಗ ಜಟಕಾದ ಕುಲುಕಾಟಕ್ಕೆ ದವಡೆ ನೋಯುತ್ತದೆಂದು ಗಂಡಹೆಂಡಿರು ನಡೆದುಕೊಂಡೇ ಹೊರಟರು. ದೊಡ್ಡಕೆರೆ ಮೈದಾನದ ಪಕ್ಕದ ಮರದ ನೆರಳಲ್ಲಿ ಒಂದು ಕಲ್ಲಿನ ಮೇಲೆ ಕೂತರು. ಮಗಳ ಮದುವೆ ಗಟ್ಟಿಯಾದ ಸಂತೋಷದ ಹಿಂದೆಯೇ ನಿಂಗಯ್ಯನವರಿಗೆ ರೇಗಿತು.

"ಇಲ್ದೇ ಇರೋ ವಾಸ್ನೆಗೆ ಎರಡು ಹಲ್ಲು ಕೀಳಿಸ್ಕೊಂಡ್ನಲ್ಲೇ. ಬೇವಿನ ಕಡ್ಡಿ, ಇದ್ಲು, ಪಿತ್ತ, ಜಿಗರು. ಆ ಮನುಷ್ಯಂಗೆ ಮೂಗೇ ಇಲ್ಲ."

ದೇವಿರಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು.

"ಇತ್ತು," ಎಂದರು.

"ಏನಿತ್ತು?"

"ವಾಸ್ನೆ. ಶಾರದ ಹುಟ್ಟೋಕೆ ಮುಂಚಿಂದ್ಲೂ ಇತ್ತು. ಮೊನ್ನೆ ಹಲ್ಲು ಕೀಳಿಸ್ಕೊಂಡು ಬಂದ್ರಲ್ಲ, ಅವತ್ತಿಂದ ಇಲ್ಲ."

ನಿಂಗಯ್ಯನವರು ಹೆಂಡತಿಯನ್ನು ಬಿಟ್ಟಕಣ್ಣು ಬಿಟ್ಟಂತೆ ನೋಡಿದರು. ಇಪ್ಪತ್ತೆರಡು ವರ್ಷ ಒಂದೇ ಸೂರಿನ ಕೆಳಗೆ ಇದ್ದವಳು. ಬೀದಿಯವರು ಹೇಳಲಿಲ್ಲ, ಆಫೀಸಿನವರು ಹೇಳಲಿಲ್ಲ, ಸರಿ. ಅವರೆಲ್ಲ ಹೊರಗಿನವರು. ಇವಳು? ಅವರಿಗೆ ನಾಚಿಕೆಯೂ ದುಃಖವೂ ಒಟ್ಟಿಗೆ ಬಂದವು.

"ನಾನು ಕೇಳ್ದಾಗ್ಲೂ ಹೇಳ್ಲಿಲ್ವಲ್ಲ ನೀನು. ಸ್ನಾನ ಮಾಡಿ ಅಂದೆ. ಯಾಕೆ?"

"ಹೇಳುದ್ರೆ ನೀವು ಮಾತು ನಿಲ್ಲಿಸ್ಬುಡ್ತಿದ್ರಿ." ದೇವಿರಮ್ಮ ಮೈದಾನದ ಕಡೆ ನೋಡುತ್ತಾ ಹೇಳಿದರು. "ನಾನು ಎಲ್ಗೂ ಓಗೋಳಲ್ಲ. ಯಾರ ಮನೇಲಿ ಏನಾಯ್ತು, ಯಾರು ಏನಂದ್ರು, ಊರೆಲ್ಲ ನಂಗೆ ಬರೋದು ನಿಮ್ ಬಾಯಿಂದ್ಲೇ. ವಾಸ್ನೆ ಏನ್ ಮಹಾ, ತಡ್ಕೊಬೋದು. ಈ ಹದಿನೈದು ದಿನ ತಡ್ಕೊಳಕ್ಕೆ ಆಗ್ಲಿಲ್ಲ ನಂಗೆ."

ನಿಂಗಯ್ಯನವರು ಬಾಯಿ ತೆರೆದರು. ಬಾಯಿ ಖಾಲಿಯಾಗಿತ್ತು, ಲವಂಗವೂ ಇರಲಿಲ್ಲ, ಗುಲ್ಕನ್ನೂ ಇರಲಿಲ್ಲ, ಆದರೂ ಮಾತು ಬರಲಿಲ್ಲ. ದೇವಿರಮ್ಮ ಕಲ್ಲಿನ ಮೇಲೆ ಅವರ ಪಕ್ಕಕ್ಕೆ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಸರಿದು ಕೂತರು.

"ಈಗ ಹೇಳಿ," ಎಂದರು. "ಆ ಡಾಕ್ಟ್ರು ಹಲ್ಲು ಕಿತ್ತಾಗ ಏನೇನಾಯ್ತು? ಮೊದ್ಲಿಂದ ಹೇಳಿ."